ಪದಚರ್ಚೆ: ಕುಂಡವೋ, ಗಮಲಾನೋ, 'ಧಾರಕ'ವೋ?

ಆಳಂದದಿಂದ:
ತಾರಸಿ ತೋಟದ ತರಬೇತಿಗೆ ಒಂದು ಫಲಕ, ಜೊತೆಗೆ ಒಂದು ಪುಟದ ಕರಪತ್ರ ಆಗಬೇಕು. ನಾಳೆ ಮಧ್ಯಾಹ್ನ ಪೇಂಟರ್ ಬರುತ್ತಾನೆ. ಇಂಗ್ಲಿಷ್ ಮೂಲದಲ್ಲಿ ಇರುವುದು ಕೀಟದ ಕಾಟ ತಪ್ಪಿಸಲು ಕ್ಯಾರೆಟ್ಟನ್ನು ಕಂಟೇನರಿನಲ್ಲಿ ಬೆಳೆಯುವ ಬಗ್ಗೆ. ನಾನು ಬರೆದ ತಲೆಬರಹ 'ಕೀಟಮುಕ್ತ ಧಾರಕ ಕ್ಯಾರೆಟ್ ಕೃಷಿ'. ಓದಿದವರೆಲ್ಲ ನಕ್ಕರು. 'ಧಾರಕ'ದ ಬದಲು ಏನು ಹಾಕಲಿ? ಒತ್ತಾದ ಸಸಿ ವಿರಳ ಮಾಡುವ ಥಿನ್ನಿಂಗ್‌ಗೆ 'ತೆಳುಗೊಳಿಸುವುದು' ನಡೆಯುತ್ತದೆಯೆ? ಕ್ಯಾರೆಟ್ ಫ್ಲೈಗೆ ಏನನ್ನಲಿ?

ಬೀದರದಿಂದ:
ಗಮಲಾ. ನರ್ಸರಿಯವಗ 'ಧಾರಕ ಕೊಡು' ಅಂದ್ರ ನಿಮ್ಮ ಮಾರಿ ನೋಡ್ತಾನ. ಕ್ಯಾರೆಟ್ ಯಾಕ್ರಿ ಅಕ್ಕಾರ, ಸಂತ್ಯಾಗ ಗಜ್ಜರಿ ಅಂತಾರಲ್ಲ.

ಸುರಪುರದಿಂದ:
ಗಜ್ಜರಿ ಸರಿ. ಗಮಲಾ ಉರ್ದು, ಬೇಡ. 'ಕುಂಡ' ಎನ್ನಿ. ಕುಣಿ, ಗುಂಡಿ, ಕುಂಡ ಒಂದೇ ಬೇರಿನವು. ಸಂಸ್ಕೃತಕ್ಕೆ ಹೋದದ್ದೂ ನಮ್ಮಿಂದಲೇ ಇರಬೇಕು. ಗಜ್ಜರಿಯೂ 'ಗಡ್ಡೆ'ಯಿಂದಲೇ ಬಂದದ್ದೆಂದು ನಾನು ಹಿಂದೆಯೂ ಹೇಳಿದ್ದೇನೆ.

ಬೀದರದಿಂದ:
ಹೇಳೀರಿ, ಯಾರೂ ಒಪ್ಪಿಲ್ಲ. 'ಡ್ಡ' ಹೋಗಿ 'ಜ್ಜ' ಆದ ಇನ್ನೊಂದು ಪದ ತೋರಿಸ್ರಿ ಮಾಸ್ತರ. ಪಾರ್ಸಿ ಗಜರ್, ಹಿಂದಿ-ಮರಾಠಿ ಗಾಜರ್ ಕಣ್ಣಮುಂದ ಅದಾವ. ಇನ್ನ ಗಮಲಾ ಉರ್ದುವಿನ ಸ್ವಂತದ್ದೂ ಅಲ್ಲ, ಪೋರ್ಚುಗೀಸರ 'ಗಮೆಲಾ'. ಬಾಲ್ದಿನೂ ಅವರದೇ. ಬಾಲ್ದಿ ಬಿಟ್ಟು ಜಳಕ ಮಾಡ್ತೀರೇನು?

ಶಹಾಪುರದಿಂದ:
ವ್ಯುತ್ಪತ್ತಿ ಆಮೇಲೆ ನೋಡೋಣ. ಮೊದಲು ಫಲಕದ 'ಕೀಟ' ಅಳಿಸಿ. ಮೂಲದವರ ಕ್ಯಾರೆಟ್ ಫ್ಲೈ ಯುರೋಪು, ಉತ್ತರ ಅಮೆರಿಕದಂಥ ತಂಪು ಸೀಮೆಯದು. ಅದು ನೆಲದ ಹತ್ತಿರವೇ ಹಾರುತ್ತದೆ. ಅದಕ್ಕೇ ಅವರು ಕುಂಡ ಎತ್ತರದಲ್ಲಿ ಇಡುತ್ತಾರೆ, ಇಲ್ಲವೆ ಸುತ್ತ 60 ಸೆಂ.ಮೀ. ಪರದೆ ಕಟ್ಟುತ್ತಾರೆ. 'ಗಜ್ಜರಿ ನೊಣ' ಎಂದು ಅನುವಾದಿಸಿ, ತಂಪು ದೇಶದ್ದು ಅಂತ ಒಂದು ಸಾಲು ಸೇರಿಸಿ. ನಮ್ಮಲ್ಲಿ ಗಜ್ಜರಿ ಕೆಡಿಸುವುದು ಬೇರುಗಂಟು ಜಂತು, ಮಣ್ಣಿನೊಳಗಿನ ಕಣ್ಣಿಗೆ ಕಾಣದ ದುಂಡುಹುಳು. ಆರು ಕಾಲಿಲ್ಲದ್ದಕ್ಕೆ ಕೀಟ ಅನ್ನಬಾರದು. 'ಮುಕ್ತ'ವೂ ಸುಳ್ಳು. ಹಳೆ ಬದನೆ, ಟೊಮೇಟೊ ಪಾತಿಯ ಮಣ್ಣು ತುಂಬಿದರೆ ಜಂತು ಮಣ್ಣಿನ ಜೊತೆಗೇ ಕುಂಡ ಸೇರುತ್ತದೆ.

ಜಂತು ಕಡಿಮೆಯಾಗಲು ಏಪ್ರಿಲ್-ಮೇ ಬಿಸಿಲಲ್ಲಿ ಮಣ್ಣು ನೆನೆಸಿ, ಒಂದು ಗೇಣಿಗಿಂತ ದಪ್ಪ ಆಗದಂತೆ ಹರವಿ, ತೆಳು ಪಾಲಿಥೀನ್ ಹೊದಿಸಿ 6 ವಾರ ಬಿಡಿ. ಅಂಚಿಗೆ ಮಣ್ಣು ಒತ್ತಿ, ಬಿಸಿ ಹೊರಗೆ ಹೋಗಬಾರದು. ಕರಿ ಹಾಳೆ ಬೇಡ, ಪಾರದರ್ಶಕವೇ ಆಗಬೇಕು. ಬಿಸಿಲು ಒಳಗೆ ಇಳಿದರೆ ಮಣ್ಣು ಕಾಯುತ್ತದೆ. ಎರಿ ಮಣ್ಣು ಒಂಟಿಯಾಗಿ ಹಾಕಿದರೆ ಬೇರು ಇಳಿಯದೆ ಕವಲಾಗುತ್ತದೆ. ಕೆಂಪು ಮಣ್ಣು 2 ಪಾಲು, ಮರಳು 1, ಜರಡಿ ಹಿಡಿದ ಹಳೆ ತಿಪ್ಪೆಗೊಬ್ಬರ 1. ಹಸಿ ಗೊಬ್ಬರ ಹಾಕಿದರೂ ಕವಲೇ. ಕಿತ್ತು ನೋಡಿದಾಗ ಕವಲಿನ ಜೊತೆ ಸಣ್ಣ ಗಂಟು, ಕೂದಲಂಥ ಬೇರು ಇದ್ದರೆ ಜಂತು. ಗಂಟಿಲ್ಲದಿದ್ದರೆ ಮಣ್ಣಿನ ತಪ್ಪು.

'ತೆಳುಗೊಳಿಸು' ಅಂದರೆ ಸಾರಿಗೆ ನೀರು ಹಾಕಿದಂತೆ. 'ದಟ್ಟ ಸಸಿ ತೆಗೆಯುವುದು' ಅನ್ನಿ. ಎರಡು ಬೆರಳೆತ್ತರ ಬಂದಾಗ 5 ಸೆಂ.ಮೀ.ಗೆ ಒಂದರಂತೆ ಬಿಟ್ಟು ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಎಳೆದರೆ ಪಕ್ಕದ ಬೇರು ಅಲ್ಲಾಡುತ್ತದೆ.

ಆಳಂದದಿಂದ:
ಹಾಗಾದರೆ 'ಬೇರುಗಂಟು ತಪ್ಪಿಸಲು ಕುಂಡದಲ್ಲಿ ಗಜ್ಜರಿ'. ಪಾತ್ರೆ 20 ಲೀಟರಿನ ಬಣ್ಣದ ಬಕೆಟ್, ಸುಮಾರು 35 ಸೆಂ.ಮೀ. ಆಳ. ಅದಕ್ಕೂ ಕುಂಡ ಅಂದರೆ ಸರಿಯೆ?

ಶಹಾಪುರದಿಂದ:
ಫಲಕದಲ್ಲಿ ಕುಂಡ, ಕರಪತ್ರದಲ್ಲಿ ಬಕೆಟ್. ಓದಿದವರು ಅದನ್ನೇ ತಾನೆ ಹುಡುಕುವುದು! ತಳಕ್ಕೆ 6-8 ತೂತು, ಕೆಳಗೆ ಎರಡು ಇಟ್ಟಿಗೆ. ಹೊಲದ ನೆಲಕ್ಕೆ ತಾಗಿಸಿ ಇಟ್ಟರೆ ತೂತಿನಿಂದ ಜಂತು ಹತ್ತುತ್ತದೆ. ಬೀಜ 1 ಸೆಂ.ಮೀ. ಆಳಕ್ಕಿಂತ ಕೆಳಗೆ ಬೇಡ. ಮೊಳಕೆಗೆ 10-15 ದಿನ. ಅಲ್ಲಿವರೆಗೆ ತೋಯಿಸಿದ ಗೋಣಿ ಮುಚ್ಚಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಆಮೇಲೆ ಒಣಗಿಸಿ ಒಮ್ಮೆಲೇ ನೀರು ಸುರಿದರೆ ಗಜ್ಜರಿ ಸೀಳುತ್ತದೆ. ಬಕೆಟ್ಟಿಗೆ 15 ಗಿಡ ಸಾಕು.

ಪೇಂಟರ್ ಬರೆಯುವಾಗ ಪಕ್ಕದಲ್ಲೇ ನಿಲ್ಲಿ. 'ಕುಂಡ'ಕ್ಕೆ ಒಂದು ಗುಡಿಸು ಹೆಚ್ಚಾದರೆ ಊರೆಲ್ಲ ನಗುತ್ತದೆ.

ಬೀದರದಿಂದ:
ಗಮಲಾದಾಗ ಆ ಕಾಟ ಇದ್ದಿಲ್ಲ. 2014ರಾಗ ಗುಲ್ಬರ್ಗಾ ಹೋಗಿ ಕಲಬುರಗಿ ಆತು ಖರೆ, ಬಾಯಾಗಿನ ಗಮಲಾ ಇನ್ನೂ ಹೋಗಿಲ್ಲ.

ಸುರಪುರದಿಂದ:
ಊರ ಹೆಸರನ್ನು ತಿದ್ದಬಹುದಾದರೆ ಕುಂಡದ ಹೆಸರನ್ನೇಕೆ ತಿದ್ದಬಾರದು? ಕರಪತ್ರದಲ್ಲಿ 'ಬಕೆಟ್' ಎಂದಿದ್ದಕ್ಕೆ ನನ್ನ ವಿರೋಧವಿದೆ. 'ತೊಟ್ಟಿ' ಎನ್ನಬಹುದಿತ್ತು.

ಬೀದರದಿಂದ:
ಹಿಡಿಕಿ ಇರೋ 20 ಲೀಟರಿನ ತೊಟ್ಟಿ ಯಾವ ಅಂಗಡ್ಯಾಗ ಸಿಗ್ತದ, ಹೇಳ್ರಿ. ಎರಡು ತರ್ತೀನಿ.