ಅಪ್‌ಡೇಟ್: ನಮ್ಮ ಟ್ರೈಲರ್‌ಗೆ ಕೊನೆಗೂ ಜನರೇಟರ್ ಬಂತು

ಮಡಿಕೇರಿ ಹತ್ತಿರ ಕರೆಂಟ್ ಇಲ್ಲದ ಕಾಫಿ ತೋಟದಲ್ಲಿ ನಿಲ್ಲಿಸುವ, ನಾವು ಉಳಿದುಕೊಳ್ಳುವ ಟ್ರೈಲರ್‌ಗೆ (ಚಕ್ರದ ಮೇಲಿನ ಪುಟ್ಟ ಮನೆ) ಯಾವ ಜನರೇಟರ್ ಒಳ್ಳೆಯದು ಅಂತ ಕೇಳಿದ್ದೆ ಅಲ್ವಾ? 2 ಕೆವಿಎ (ಅಂದರೆ ನಮ್ಮದರಲ್ಲಿ 1,600 ವ್ಯಾಟ್) ಪೆಟ್ರೋಲ್ ಇನ್ವರ್ಟರ್ ಜನರೇಟರ್, ಅಂದರೆ ಸದ್ದು ಕಡಿಮೆ ಇರುವ ಬಗೆಯದ್ದು, ತಗೊಂಡೆವು.

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು ‘ಮೊದಲು ವ್ಯಾಟ್ ಕೂಡಿಸಿ ನೋಡಿ’ ಅನ್ನುವುದು. ಫ್ರಿಜ್, ಪಂಪ್, ಲೈಟು, ಚಾರ್ಜರ್ ಎಲ್ಲ ಸೇರಿ 600 ವ್ಯಾಟ್ ದಾಟಲಿಲ್ಲ. ಆದರೆ ಫ್ರಿಜ್, ಪಂಪ್ ಶುರುವಾಗುವ ಕ್ಷಣಕ್ಕೆ ಕೆಲವು ಪಟ್ಟು ಜಾಸ್ತಿ ಎಳೆಯುತ್ತವೆ. ಅದಕ್ಕೂ ಜಾಗ ಇಟ್ಟುಕೊಳ್ಳಬೇಕು.

5 ಕೆವಿಎ ಡೀಸೆಲ್ ಸೆಟ್ ನಮಗೆ ಹೊಂದಲಿಲ್ಲ. ಪರಿಚಯದವರದ್ದು ತಂದು ಓಡಿಸಿದ ರಾತ್ರಿ ಸದ್ದಿಗೆ ಮಗಳು ನಿದ್ದೆಯೇ ಮಾಡಲಿಲ್ಲ. ಬರೀ ಸೋಲಾರ್ ಕೂಡ ಸಾಲಲಿಲ್ಲ. ಮೋಡ, ಜೊತೆಗೆ ಸಿಲ್ವರ್ ಓಕ್ ನೆರಳು.

ನನಗೆ ಗೊತ್ತೇ ಇರದಿದ್ದ ಸಂಗತಿ ಎತ್ತರದ್ದು. ಮೇಲೆ ಹೋದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಇಂಜಿನ್ ಶಕ್ತಿ ಸುಮಾರು 3.5% ಇಳಿಯುತ್ತದಂತೆ. ಮಡಿಕೇರಿ 1,100 ಮೀಟರಿಗಿಂತ ಮೇಲಿದೆ. ಹಾಗಾಗಿ 1,600 ವ್ಯಾಟ್‌ನ ನಮ್ಮ ಮೆಷಿನ್ ಇಲ್ಲಿ ಕೊಡುವುದು 1,400ರ ಆಸುಪಾಸು. 1,500 ವ್ಯಾಟ್‌ನ ಕೆಟಲ್ ಹಾಕಿದರೆ ಓವರ್‌ಲೋಡ್ ಆಗಿ ನಿಲ್ಲುತ್ತದೆ. ಕಾಫಿಗೆ ಈಗ ಗ್ಯಾಸ್ ಒಲೆಯೇ.

ಮಳೆ ಬಂತೆಂದು ಜನರೇಟರನ್ನು ದಯವಿಟ್ಟು ಟ್ರೈಲರ್ ಒಳಗಾಗಲಿ, ಕಿಟಕಿ ಪಕ್ಕವಾಗಲಿ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುವ ವಿಷಾನಿಲ, ಅದಕ್ಕೆ ವಾಸನೆಯೇ ಇಲ್ಲ. ನಾವು ದೂರದಲ್ಲಿ ತಗಡಿನ ಮಾಡು ಹಾಕಿ, ನಾಲ್ಕೂ ಕಡೆ ತೆರೆದಿಟ್ಟಿದ್ದೇವೆ.