ಬಿಟ್ಟುಹೋದ ಅಪ್ಪ ಕಾದಂಬರಿಯ ಕೊನೆಗೆ ಬರಬೇಕಾ, ಬೇಡವಾ?

ಪೆರ್ಲದ ಓದುಗಿ:
ಕಾದಂಬರಿ ಬರೆಯುತ್ತಿದ್ದೇನೆ, ಮುಕ್ಕಾಲು ಭಾಗ ಆಗಿದೆ. ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ. 1986ರಲ್ಲಿ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಅಂತ ಕಾಸರಗೋಡಿನಲ್ಲಿ ರೈಲು ಹತ್ತಿದ ಅಪ್ಪ ಮತ್ತೆ ಬರಲೇ ಇಲ್ಲ. ಕತೆ ನಡೆಯುವುದು 2019ರಲ್ಲಿ. ಅಣ್ಣನಿಗೆ ಐವತ್ತು, ತೋಟ ಪಾಲಾಗಬೇಕು ಅಂತ ಹಟ, ಆದರೆ ಜಾಗ ಇನ್ನೂ ಅಪ್ಪನ ಹೆಸರಲ್ಲೇ ಇದೆ. ತಂಗಿ "ಸತ್ತಿದ್ದಾರೆ ಅಂತ ನಾನು ಎಲ್ಲೂ ಸೈನ್ ಹಾಕಲ್ಲ" ಅಂತ ಕೂತಿದ್ದಾಳೆ. ತಮ್ಮ ಬಾಯೇ ಬಿಡುವುದಿಲ್ಲ. ಅಮ್ಮ ಕರಿಮಣಿ ತೆಗೆದಿಲ್ಲ. ಕೊನೆಗೆ ಅಪ್ಪನನ್ನು ಕರೆದುಕೊಂಡು ಬರಲಾ? ಬರೆದು ನೋಡಿದೆ, ಸಿನಿಮಾ ಥರ ಆಗುತ್ತದೆ.

ಹಳೇ ಕಡತ:
ಬೇಡ ಮಾರಾಯ್ರೆ. ನಿಮ್ಮ ಕತೆ ಇರುವುದೇ ಆ ಸೈನಿನಲ್ಲಿ. ಸುದ್ದಿ ತಿಳಿಯಲೇಬೇಕಾದ ಮನೆಯವರಿಗೇ ಏಳು ವರ್ಷ ಒಬ್ಬನ ಸುದ್ದಿ ಇಲ್ಲ ಅಂದರೆ, ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. 2019 ಆದ್ದರಿಂದ ಎವಿಡೆನ್ಸ್ ಆಕ್ಟಿನ 108ನೇ ಸೆಕ್ಷನ್ (2024ರ ಜುಲೈಯಿಂದ ಹೊಸ ಕಾನೂನು, ಅದರಲ್ಲಿ 111). ವರ್ಷ ಕಳೆಯಿತು ಅಂತ ಪಂಚಾಯತ್‌ನವರು ಸುಮ್ನೆ ಮರಣ ಪತ್ರ ಕೊಡುವುದಿಲ್ಲ, ಕೋರ್ಟಿಗೆ ಹೋಗಬೇಕು, ಮನೆಯವರು ಕಟಕಟೆಯಲ್ಲಿ ನಿಂತು ಹೇಳಬೇಕು. ಮೂರು ವರ್ಷದ ಹಿಂದೆ ತಂಗಿಗೆ ಅಪ್ಪನ ಫೋನ್ ಬಂದಿತ್ತು, ಯಾರಿಗೂ ಹೇಳಿಲ್ಲ ಅಂತ ಇಟ್ಟುಕೊಳ್ಳಿ. ಹೇಳಿದರೆ ಅಣ್ಣನ ಕೇಸು ಬಿತ್ತು. ಮುಚ್ಚಿಟ್ಟರೆ ಜಡ್ಜ್ ಎದುರು ಸುಳ್ಳು.

ಇನ್ನೊಂದು. ಸತ್ತಿದ್ದಾನೆ ಅಂತ ಕೋರ್ಟು ಎಣಿಸಬಹುದು, ಯಾವತ್ತು ಸತ್ತ ಅಂತ ಆ ಸೆಕ್ಷನ್ ಹೇಳುವುದಿಲ್ಲ. ತಿಥಿ ಯಾವತ್ತು ಮಾಡುವುದು ಅಂತ ಅಮ್ಮ ಕೇಳುತ್ತಾರೆ ಅಲ್ವಾ?

ಉಪ್ಪಳ ಲೋಕಲ್:
ಅದೆಲ್ಲ ಸರಿ, ಆ ರೈಲು ಯಾವುದು? ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯವರು ಮಂಗಳೂರಿಗೆ ಹೋಗಿ ಬೊಂಬಾಯಿ ಬಸ್ಸು ಹಿಡಿಯುತ್ತಿದ್ದರು. ರೈಲೇ ಬೇಕೆಂದರೆ ತೆಂಕಕ್ಕೆ ಶೊರನೂರು, ಪಾಲಕ್ಕಾಡು ಸುತ್ತಬೇಕಿತ್ತು. ಆದರೂ ತೆಗೆಯಬೇಡಿ! ಬೊಂಬಾಯಿಗೆ ಅಂದವನು ಮದ್ರಾಸ್ ರೈಲು ಹತ್ತಿದ್ದನ್ನು ಯಾರೋ ನೋಡಿದ್ದರೆ, ಅವನು ಮನೆಯಲ್ಲಿ ಹೇಳಿದ್ದೇ ಸುಳ್ಳಿರಬಹುದು.

ಚಾಲಿ ಅಡಿಕೆ:
ನನಗಂತೂ ಅಪ್ಪ ಬರಬೇಕು. ಬಂದು ಜಗಲಿಯಲ್ಲಿ ಕೂತು, ಚಾ ಕುಡಿದು, ತೋಟಕ್ಕೆ ಈಗ ಎಷ್ಟು ರೇಟ್ ಇದೆ ಅಂತ ಕೇಳಲಿ. ಮಕ್ಕಳು ಏನು ಮಾಡುತ್ತಾರೆ ನೋಡೋಣ. ಕೋರ್ಟು ಕಚೇರಿ ಜಾಸ್ತಿ ಆದರೆ ನಾನು ಪುಟ ಹಾರಿಸುತ್ತೇನೆ. ತಮ್ಮನ ವಯಸ್ಸೆಷ್ಟು? ಆಗ ಕೈಕೂಸಾಗಿದ್ದರೆ ಅವನಿಗೆ ಅಪ್ಪನ ಮುಖವೇ ನೆನಪಿಲ್ಲ, ಮನೆಗೆ ಬಂದವನು ಅಪ್ಪನೇ ಹೌದಾ ಅಂತ ಕೇಳುವವನು ಅವನೇ ಆಗಲಿ.

ಪೆರ್ಲದ ಓದುಗಿ:
ತಮ್ಮನಿಗೆ ಮೂವತ್ತನಾಲ್ಕು, ಕೈಕೂಸೇ. ತಂಗಿಗೆ ಬಂದ ಫೋನಿನ ಐಡಿಯಾ ತೆಗೆದುಕೊಂಡೆ. ಮದ್ರಾಸ್ ರೈಲೂ ಇರಲಿ, ಅದನ್ನು ನೋಡಿದವನು ಅಣ್ಣ, ಇಷ್ಟು ವರ್ಷ ಬಾಯಿಬಿಟ್ಟಿಲ್ಲ. ಅಪ್ಪನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ತಂಗಿ ಮಾತ್ರ ಅಪ್ಪ ಬಸ್ಸಲ್ಲೇ ಹೋದ ಅಂತ ನಂಬಿಕೊಂಡು ಬೆಳೆದವಳು, ಹಾಗಾಗಿ ಆ ಕಾಲದಲ್ಲಿ ಮಂಗಳೂರಿಂದ ಬೊಂಬಾಯಿಗೆ ಬಸ್ಸಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ, ಊಟಕ್ಕೆ ಎಲ್ಲೆಲ್ಲಿ ನಿಲ್ಲಿಸುತ್ತಿದ್ದರು?