ಆಪರೇಷನ್‌ಗೆ ಮುಂಚೆ ನಾಯಿ ಒಂದು ಸಲ ಮರಿ ಹಾಕಲೇಬೇಕಾ?

ಪ್ರಶ್ನೆ: ನಮ್ಮ ಹೆಣ್ಣು ನಾಯಿಗೆ ಎರಡು ವರ್ಷ. ಮೊನ್ನೆಯಷ್ಟೇ ಬೆದೆ ಮುಗಿದಿದೆ. ಮರಿ ಮಾಡಿಸುವ ಯೋಚನೆ ನಮಗಿಲ್ಲ, ಗರ್ಭಕೋಶ, ಅಂಡಾಶಯ ತೆಗೆಸುವ ಆಪರೇಷನ್ ಮಾಡಿಸೋಣ ಅಂತಿದ್ದೇವೆ. ಆದರೆ ಅತ್ತೆ, "ಒಂದು ಸಲವಾದರೂ ಮರಿ ಹಾಕಲಿ, ಇಲ್ಲದಿದ್ದರೆ ಆರೋಗ್ಯ ಕೆಡುತ್ತದೆ" ಅಂತಾರೆ. ಮಾಡಿಸಿದವರು ಹೇಳಿ.

ಉತ್ತರ: ನಮ್ಮ ಲ್ಯಾಬ್ರಡಾರ್ ಮರಿ ಹಾಕಿದವಳೇ. ಆದರೂ ಎಂಟನೇ ವಯಸ್ಸಿಗೆ ಗರ್ಭಕೋಶದಲ್ಲಿ ಕೀವು ತುಂಬಿತು. ಪಯೋಮೆಟ್ರಾ ಅಂತಾರೆ. ಬೆದೆ ಮುಗಿದು ತಿಂಗಳ ಮೇಲಾಗಿತ್ತು. ಒಂದೇ ಸಮನೆ ನೀರು ಕುಡಿಯುತ್ತಿದ್ದಳು, ಊಟ ಮುಟ್ಟುತ್ತಿರಲಿಲ್ಲ, ವಾಂತಿ ಬೇರೆ. ಹೊರಗೆ ಮಾತ್ರ ಒಂದು ಹನಿ ಕೀವು ಕಾಣಲಿಲ್ಲ. ಗರ್ಭಕೋಶದ ಬಾಯಿ ಮುಚ್ಚಿಕೊಂಡರೆ ಹೀಗೇ ಆಗುತ್ತದಂತೆ, ಎಲ್ಲಾ ಒಳಗೇ ತುಂಬುತ್ತದೆ. ಇದೇ ಜಾಸ್ತಿ ಅಪಾಯ. ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ಅದೇ ರಾತ್ರಿ ಆಪರೇಷನ್. ಬದುಕಿಕೊಂಡಳು. ತೆಗೆದದ್ದು ಅದೇ ಗರ್ಭಕೋಶ, ಅದೇ ಅಂಡಾಶಯ. ಗಟ್ಟಿಯಾಗಿರುವಾಗ ತೆಗೆಸುವುದಕ್ಕೂ ಮೈಯೆಲ್ಲಾ ನಂಜೇರಿದ ಮೇಲೆ ತೆಗೆಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅತ್ತೆಯವರಿಗೆ ಇಷ್ಟು ಹೇಳಿ ನೋಡಿ.

ಉತ್ತರ: ಮೇಲಿನವರು ಹೇಳಿದ್ದು ಅಪರೂಪದ ಕಾಯಿಲೆಯಲ್ಲ. ಸ್ವೀಡನ್‌ನ ವಿಮೆ ದಾಖಲೆ ಪ್ರಕಾರ, ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದಕ್ಕೆ 10 ವರ್ಷದೊಳಗೆ ಇದು ಬರುತ್ತದೆ. ಬಸಿರಾಗಲಿ ಬಿಡಲಿ, ಪ್ರತಿ ಬೆದೆ ಆದ ಮೇಲೂ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಬೆದೆಯಲ್ಲಿ ಒಳಹೊಕ್ಕ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತವೆ. ಬೆದೆ ತಡೆಯುವ ಹಾರ್ಮೋನ್ ಇಂಜೆಕ್ಷನ್ ಕೂಡ ಇದೇ ತೊಂದರೆ ಜಾಸ್ತಿ ಮಾಡುತ್ತದೆ, ಆ ದಾರಿ ಬೇಡ.

ಆಪರೇಷನ್ ಮಾಡಿಸಿದರೆ ಮೊಲೆಯಲ್ಲಿ ಗಂಟು (ಗೆಡ್ಡೆ) ಬರುವುದಿಲ್ಲ ಅಂತಲೂ ಅಂತಾರೆ, ಆ ವಿಷಯ ಅಷ್ಟು ಸರಳವಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಗಂಟು ಬರುವುದೇ ಇಲ್ಲ ಅನ್ನುವಷ್ಟು ಕಡಿಮೆ ಅಂತ 1969ರ ಅಧ್ಯಯನ ಹೇಳಿತ್ತು. ಆಮೇಲೆ ಪರಿಶೀಲಿಸಿದವರು ಆಧಾರ ಅಷ್ಟು ಗಟ್ಟಿಯಿಲ್ಲ ಅಂದರು. ನನ್ನ ಲೆಕ್ಕದಲ್ಲಿ ಪಯೋಮೆಟ್ರಾ ಒಂದೇ ಕಾರಣ ಸಾಕು.

ಉತ್ತರ: ಈಗಲೇ ಓಡಬೇಡಿ. ಬೆದೆ ಸಮಯದಲ್ಲಿ ಆ ಭಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಅದಾದ ಮೇಲೆ ಕೆಲವಕ್ಕೆ ಸುಳ್ಳು ಬಸಿರು, ಹಾಲೂ ಬರುತ್ತದೆ. ನಮ್ಮದು ಗೊಂಬೆಯನ್ನು ಮರಿ ಅಂತ ಕಾಯುತ್ತಾ ಕೂತಿತ್ತು! ಆಗ ಆಪರೇಷನ್ ಆದರೆ ಆ ಸ್ಥಿತಿ ಎಳೆದುಕೊಂಡು ಹೋಗಬಹುದು. ಅದಕ್ಕೇ ನಮ್ಮ ಡಾಕ್ಟರು ಬೆದೆ ಮುಗಿದು ಎರಡು ಮೂರು ತಿಂಗಳು ಬಿಟ್ಟು ಕರೆತನ್ನಿ ಅಂದರು. ಅಲ್ಲಿಯವರೆಗೆ ನೀರು ಎಷ್ಟು ಕುಡಿಯುತ್ತಾಳೆ ಅನ್ನುವುದರ ಮೇಲೆ ಒಂದು ಕಣ್ಣಿಡಿ.

ಉತ್ತರ: ತೊಂದರೆಯೂ ತಿಳಿದಿರಲಿ. ಆಪರೇಷನ್ ಆದ ಮೇಲೆ ದಪ್ಪ ಆಗುತ್ತವೆ, ಊಟ ಸ್ವಲ್ಪ ಕಡಿಮೆ ಮಾಡಬೇಕು. ಕೆಲವು ನಾಯಿಗಳಿಗೆ ವಯಸ್ಸಾದ ಮೇಲೆ ನಿದ್ದೆಯಲ್ಲಿ ಮೂತ್ರ ಸೋರುತ್ತದೆ. ನಮ್ಮದಕ್ಕೆ ಮಾತ್ರೆಯಲ್ಲಿ ಹಿಡಿತಕ್ಕೆ ಬಂತು. ದೊಡ್ಡ ತಳಿಗಳಿಗೆ ತೀರಾ ಚಿಕ್ಕದರಲ್ಲೇ ಮಾಡಿಸಿದರೆ ಕೀಲುಗಳಿಗೆ ತೊಂದರೆ ಅಂತಾರೆ. ನಿಮ್ಮದು ಎರಡು ವರ್ಷ ದಾಟಿದೆ ಅಲ್ವಾ, ಆ ಚಿಂತೆ ಬಿಡಿ. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿ, ಎಷ್ಟೇ ಗೋಗರೆದರೂ ಬಿಚ್ಚಬೇಡಿ.